ತೊಳೆಯದೆ ಬಿಟ್ಟ ಲೋಟ

ಚಿಕ್ಕಂದಿನಲ್ಲಿ ಅಪ್ಪ ನನಗೆ ಮಾತು ಕೊಟ್ಟಿದ್ದು ಜಯನಗರದ ಹೋಟೆಲಿನ ಮಸಾಲೆ ದೋಸೆ, ಅದೂ ಒಳಗೆ ಕೂತು. ನಮ್ಮೂರ ಹೋಟೆಲು ನಮಗೆ ಕೊಡದೇ ಇದ್ದದ್ದು ಬೆಂಚು ಮತ್ತು ಎಲ್ಲರೂ ಕುಡಿಯುವ ಲೋಟ. ನಮ್ಮ ಜಾತಿಗೆ ಹೊರಗೇ ಬೇರೆ ಲೋಟ, ಕುಡಿದವರೇ ತೊಳೆದಿಡಬೇಕಿತ್ತು.

ಇವತ್ತು ಅದೇ ಜಯನಗರದ ಹೋಟೆಲಿನ ಮುಂದೆ ತುಪ್ಪದ ಘಮ ಮೂಗಿಗೆ ಬಡಿದಾಗ ಅಪ್ಪ ಮಾತಿನಂತೆ ನನ್ನನ್ನು ಇಲ್ಲಿಗೆ ಕರೆತಂದ ಆ ಬೆಳಗು ನೆನಪಾಯಿತು. ದೋಸೆ ತಿಂದು ಕಾಫಿ ಕುಡಿದ ಅಪ್ಪ, ಊರಿನ ಅಭ್ಯಾಸದಂತೆ ಲೋಟ ಹಿಡಿದು ನಲ್ಲಿಯತ್ತ ಹೊರಟ.

ಸಪ್ಲೈಯರ್ ಅಡ್ಡ ಬಂದ. "ಏನಣ್ಣ, ನನ್ ಕೆಲಸಕ್ಕೇ ಕೈ ಹಾಕ್ತೀರಾ? ಇಟ್ಬಿಟ್ಟು ಕೂತ್ಕೊಳ್ಳಿ."

"ಹಂಗಾದ್ರೆ ಇನ್ನೊಂದು ಕಾಫಿ ಕೊಡಪ್ಪ" ಎಂದ ಅಪ್ಪ. ಅದನ್ನೂ ಕುಡಿದು, ಎರಡೂ ಲೋಟ ಮೇಜಿನ ಮೇಲೇ ಬಿಟ್ಟು, ಮೀಸೆ ಒರೆಸಿಕೊಂಡು ಎದ್ದ.

ಸಂಗಾತಿಗಳೇ, ನಮ್ಮ ಸಂಘದ ಈ ಸಲದ ಸಭೆ ಆ ಹೋಟೆಲಿನಲ್ಲೇ, ಭಾನುವಾರ ಬೆಳಿಗ್ಗೆ ಎಂಟಕ್ಕೆ. ಅಪ್ಪನೂ ಬರುತ್ತಾನೆ. ಅವನಿಗೆ ಎರಡು ಕಾಫಿ.