ಮಿಮಾಂಗಿನ್ ಎಂಬ ಗೌರವದ ಪದ

೨೦೨೧ರ ಆರಂಭದಲ್ಲಿ ನಾನು ನೆದರ್ಲೆಂಡ್ಸಿನ ಯುಟ್ರೆಕ್ಟ್‌ನ ಸಣ್ಣದೊಂದು ಭಾಷಾ ತಂತ್ರಜ್ಞಾನ ಕಂಪನಿಯಲ್ಲಿ ಅನೊಟೇಷನ್ ಲೀಡ್ ಆಗಿದ್ದೆ. ಅನೊಟೇಷನ್ ಎಂದರೆ ಕಂಪ್ಯೂಟರಿಗೆ ಭಾಷೆ ಕಲಿಸಲು ಪದಗಳಿಗೆ ಗುರುತು ಹಚ್ಚುವ ಕೆಲಸ. ಆಗ ನಮ್ಮ ಕೈಲಿದ್ದದ್ದು ಕೊರಿಯನ್ ಪತ್ರಿಕೆಗಳ ಸುದ್ದಿ. ಹೆಣ್ಣು, ಗಂಡು ಎಂದು ಸೂಚಿಸುವ ಪದಗಳನ್ನು ಹೆಕ್ಕಿ, ಅವು ತಟಸ್ಥವೋ ಅಲ್ಲವೋ ಎಂದು ಗುರುತಿಸಬೇಕಿತ್ತು. ನನಗೆ ಕೊರಿಯನ್ ಬಾರದು. ಬಲ್ಲವಳು ಸೊಯೊನ್, ನ್ಯೂವೆಗೈನ್‌ನ ಒಂದು ಕೋಣೆಯ ಫ್ಲ್ಯಾಟಿನಲ್ಲಿ ಒಬ್ಬಳೇ ಇದ್ದ ನನ್ನ ಸಹೋದ್ಯೋಗಿ.

ಲಾಕ್‌ಡೌನ್‌ನಿಂದ ಆಫೀಸು ಮುಚ್ಚಿತ್ತು. ಹಾರ್ಲೆಮ್‌ನ ನಮ್ಮ ಮನೆಯಲ್ಲಿ ಊಟದ ಮೇಜಿನ ಒಂದು ತುದಿಗೆ ನಾನು, ಇನ್ನೊಂದು ತುದಿಗೆ ಪತಿ ಇಮ್ರಾನ್. ನನ್ನ ಮೀಟಿಂಗ್ ಅವರಿಗೂ ಕೇಳುತ್ತಿತ್ತು. ಡಾಕ್ಟರ್ ಗಂಡಸಾದರೆ ಬರೀ ‘ಉಯಿಸಾ’, ಹೆಂಗಸಾದರೆ ಮುಂದೆ ‘ಯೊ’ ಸೇರುತ್ತದೆ ಎಂದು ಸೊಯೊನ್ ವಿವರಿಸಿದಳು. ನರ್ಸ್ ವಿಷಯದಲ್ಲಿ ತಿರುಗುಮುರುಗು, ಗಂಡಸಿಗೇ ‘ನಾಮ್’ ಅಂಟುತ್ತದೆ. ಹೆಂಡತಿ ‘ಒಳಗಿನವಳು’, ಗಂಡ ‘ಹೊರಗಿನ ಯಜಮಾನ’.

“ಹಂಗಾದ್ರೆ ಈಗ ನಾನೂ ಒಳಗಿನವಳೇ ಬಿಡು!” ಎಂದರು ಇಮ್ರಾನ್.

“ನಾನು ಎಲ್ರಿಗೂ ನಿಮ್ಮನ್ನ ‘ನಮ್ಮ ಮನೆಯವರು’ ಅಂತಾನೇ ಹೇಳೋದು ರೀ, ಯಾವಾಗಿಂದ್ಲೋ ಒಳಗಿದೀರ,” ಎಂದೆ. ಸೊಯೊನ್‌ಗೂ ಇಂಗ್ಲಿಷಿನಲ್ಲಿ ತಿಳಿಸಿದೆ, ಮೂವರೂ ನಕ್ಕೆವು. ಆ ದಿನಗಳಲ್ಲಿ ನಗುವುದಕ್ಕೂ ಬೇರೆ ಏನೂ ಇರಲಿಲ್ಲ.

ಫೆಬ್ರುವರಿಯಲ್ಲಿ ಸೊಯೊನ್‌ಳ ತಂದೆ ತೀರಿಕೊಂಡರು. ಕೊರಿಯಾದಲ್ಲಿ ಅಂತ್ಯಕ್ರಿಯೆ ಮೂರು ದಿನದಲ್ಲಿ ಮುಗಿಯುತ್ತದೆ. ಹೊರದೇಶದಿಂದ ಬಂದವರಿಗೆ ಎರಡು ವಾರ ಕ್ವಾರಂಟೈನ್. ಅವಳು ಎಲ್ಲವನ್ನೂ ಫೋನಿನ ಪರದೆಯಲ್ಲೇ ನೋಡಿದಳು. ರಜೆ ತಗೋ ಎಂದರೆ, “ಈ ರೂಮಲ್ಲಿ ಕೆಲಸಾನೂ ಇಲ್ದೆ ಏನ್ ಮಾಡ್ಲಿ?” ಎಂದಳು.

ಮುಂದಿನ ವಾರದ ಮೀಟಿಂಗಿನಲ್ಲಿ ಅವಳು ತನ್ನ ಊರಿನ ಪತ್ರಿಕೆಯಲ್ಲಿ ಬಂದ ತಂದೆಯ ಸಾವಿನ ಸುದ್ದಿಯನ್ನು ತೋರಿಸಿದಳು. ಔಷಧದಂಗಡಿಯ ಮಾಲೀಕರ ನಿಧನ, ಮಿಮಾಂಗಿನ್ ಇದ್ದಾರೆ ಎಂದಿತ್ತು.

“ಅಂಗಡಿ ಅಮ್ಮಂದು. ಫಾರ್ಮಸಿಸ್ಟ್ ಅಮ್ಮ. ಅಪ್ಪ ಸ್ಟಾಕ್ ನೋಡ್ಕೊಳ್ತಿದ್ರು ಅಷ್ಟೆ.”

ಮಿಮಾಂಗಿನ್ ಎಂದರೆ ಗಂಡ ಸತ್ತ ಹೆಂಗಸು. ಅಕ್ಷರಶಃ ಅರ್ಥ, ಇನ್ನೂ ಸಾಯದೆ ಉಳಿದವಳು. ಅದು ಗೌರವದ ಪದವೆಂಬ ನಂಬಿಕೆ ಅಲ್ಲಿ ಅನೇಕರಿಗಿದೆ. ಈ ಕೆಲಸ ಕೊಟ್ಟಿದ್ದ ನಮ್ಮ ಗ್ರಾಹಕರೂ ಅದನ್ನು ತಟಸ್ಥವೆಂದೇ ಗುರುತಿಸಲು ಹೇಳಿದ್ದರು. ಸೊಯೊನ್ ಹಾಗೆಯೇ ಮಾಡುತ್ತ ಬಂದಿದ್ದಳು.

“ಇನ್ಮೇಲೆ ಆ ಗುರುತು ಹಾಕಲ್ಲ ನಸ್ರೀನ್. ಕೆಲಸ ಹೋದ್ರೂ ಸರಿ.”

ಕೆಲಸ ಹೋದರೆ ಈ ದೇಶದಲ್ಲಿರುವ ಪರ್ಮಿಟ್ಟೂ ಹೋಗುತ್ತದೆ. ಅದು ಇಬ್ಬರಿಗೂ ಗೊತ್ತಿತ್ತು.

ಮ್ಯಾನೇಜರ್ ಡಚ್ಚರು, ಕೆಟ್ಟವರೇನಲ್ಲ. “ನಾವು ಟ್ಯಾಗ್ ಮಾಡೋದು ಪದಗಳನ್ನ, ದುಃಖವನ್ನಲ್ಲ,” ಎಂದರು. ಗ್ರಾಹಕರ ಜೊತೆ ನಾನೇ ಮಾತಾಡುತ್ತೇನೆ ಎಂದು ಕೇಳಿಕೊಂಡೆ. ಸಿಯೋಲ್‌ನಿಂದ ಕಾಲ್‌ಗೆ ಬಂದ ಪ್ರತಿನಿಧಿ ತಾಳ್ಮೆಯಿಂದ ಇದು ಗೌರವದ ಪದ ಎಂದೇ ವಿವರಿಸಿದರು.

“ಹೆಂಡತಿ ಸತ್ತ ಗಂಡಸಿಗೂ ಇದೇ ಗೌರವ ಕೊಡ್ತೀರಾ?” ಎಂದು ಕೇಳಿದೆ.

ಅವರು “ಇಲ್ಲ,” ಎಂದರು.

ಕೊನೆಗೆ ‘ಹೆಣ್ಣಿಗೆ ಮಾತ್ರ’ ಎಂಬ ಹೊಸ ಗುರುತಿಗೆ ಒಪ್ಪಿದರು. ಪಕ್ಷಪಾತ ಎಂದು ಬರೆಯಲು ಮಾತ್ರ ಒಪ್ಪಲಿಲ್ಲ. ಸೊಯೊನ್ ಕೆಲಸದಲ್ಲಿ ಉಳಿದಳು, ಅದೇ ಕೋಣೆಯಲ್ಲೂ ಉಳಿದಳು.

ಅವಳ ತಾಯಿ ಪತ್ರಿಕೆಗೆ ಫೋನ್ ಮಾಡಿದ್ದರಂತೆ. ಪತ್ರಿಕೆಯವರು ಅಂಗಡಿಯ ಮಾಲೀಕರ ಹೆಸರು ತಿದ್ದಿದರು, ಮಿಮಾಂಗಿನ್ ಪದವನ್ನು ಹಾಗೇ ಉಳಿಸಿದರು. “ಅಮ್ಮ ಏನಂದ್ರು ಗೊತ್ತಾ? ‘ಬರೆದಿದ್ದು ನಿಜಾನೇ, ನಾನಿನ್ನೂ ಸತ್ತಿಲ್ಲ. ಬೆಳಗಾದ್ರೆ ಅಂಗಡಿ ತೆಗೀಬೇಕು.’” ಹೇಳುತ್ತ ನಕ್ಕಳು, ಆಮೇಲೆ ಅತ್ತಳು, ಕ್ಯಾಮೆರಾ ಆಫ್ ಮಾಡಲಿಲ್ಲ.

ಪದ ತಟಸ್ಥವೇ ಎಂದು ಅದನ್ನು ಬರೆದವರನ್ನು ಕೇಳಿದರೆ ಸಾಲದು, ಅದನ್ನು ಹೊತ್ತು ಬದುಕಬೇಕಾದವರನ್ನು ಕೇಳಬೇಕು ಎಂಬುದನ್ನು ಆ ಕೆಲಸ ನನಗೆ ಕಲಿಸಿತು. ಈಗ ಕನ್ನಡ ಪತ್ರಿಕೆಯಲ್ಲಿ ‘ಮೃತರಿಗೆ ಪತ್ನಿ ಇದ್ದಾರೆ’ ಎಂದು ಓದಿದಾಗ, ಆಕೆಯ ಹೆಸರೇನು, ಏನು ಕೆಲಸ ಮಾಡುತ್ತಾರೆ ಎಂದು ಮುಂದಿನ ಸಾಲಿನಲ್ಲಿ ಹುಡುಕುತ್ತೇನೆ. ಬಹಳ ಸಲ ಮುಂದಿನ ಸಾಲೇ ಇರುವುದಿಲ್ಲ.