ಬೆಟಗೇರಿ ಮನೆಗಳ ಸಾಲ

ನಿವೃತ್ತಿಯ ಹಣ ಖಾತೆಗೆ ಬಿದ್ದಂದಿನಿಂದ ನಮ್ಮ ಮನೆಯ ನೆಮ್ಮದಿ ಹೋಯಿತು. ಲಕ್ಷ್ಮೇಶ್ವರದ ಶಾಲೆಯಲ್ಲಿ ಮಾಸ್ತರನಾಗಿದ್ದಾಗ ಬ್ಯಾಂಕಿನಲ್ಲಿ ಸಾಲ ಮಾಡಿ ಬೆಟಗೇರಿಯಲ್ಲಿ ಎರಡು ಮನೆ ಕಟ್ಟಿಸಿದ್ದೆ. ಎರಡರಲ್ಲೂ ನೇಕಾರರು ಬಾಡಿಗೆಗಿದ್ದರು. ತಿಂಗಳಿಗೊಮ್ಮೆ ಹೆಂಡತಿ ಹೋಗಿ ತರುತ್ತಿದ್ದ ಬಾಡಿಗೆಯಿಂದಲೇ ಕಂತು ಹೋಗುತ್ತಿತ್ತು, ಆದರೂ ಸಾಲವೆಂದರೆ ನನಗೆ ಮೈಯೆಲ್ಲ ಉರಿ. ಬಂದದ್ದನ್ನೆಲ್ಲ ಸುರಿದು ಒಂದೇ ಏಟಿಗೆ ತೀರಿಸೋಣ ಅಂತ ನಾನು, ಹಣ ಕೈಯಲ್ಲಿರಲಿ ಅಂತ ಹೆಂಡತಿ. ಊಟಕ್ಕೆ ಕುಳಿತರೂ ಅದೇ ಜಗಳ.

ಒಂದು ಬೆಳಿಗ್ಗೆ ಸುಮ್ಮನೆ ಚೆಕ್ ಬರೆದು ಜೇಬಿಗಿಟ್ಟುಕೊಂಡು ಚಪ್ಪಲಿ ಮೆಟ್ಟಿದೆ. ಆಕೆಗೆ ಹೇಗೆ ಗೊತ್ತಾಯಿತೋ, ಬಾಗಿಲಿಗೆ ಅಡ್ಡ ನಿಂತಳು.

“ಇವತ್ತ ಶುಕ್ರವಾರ ಐತ್ರಿ. ಲಕ್ಷ್ಮೀನ ಮನಿ ಬಿಟ್ಟು ಹೊರಗ ಹಾಕಬ್ಯಾಡ್ರಿ.”

ಸಿಟ್ಟು ನೆತ್ತಿಗೇರಿತು. ಶುಕ್ರವಾರವೇ ಹಾಲಿನವನಿಗೆ, ಕಿರಾಣಿಯವನಿಗೆ ದುಡ್ಡು ಎಣಿಸಿ ಕೊಡುವ ಹೆಂಗಸು ಈಕೆ.

“ಎಂದೂ ಇಲ್ಲದ ಶಾಸ್ತ್ರ ಇವತ್ತ ಎಲ್ಲಿಂದ ಬಂತು? ಖರೆ ಹೇಳು” ಎಂದು ಗದರಿದೆ.

“ಖರೆ ಹೇಳ್ಲೇನು? ನನಗ ಅಂಜಿಕಿ ಬಂದೈತಿ. ನಾಳೆ ನೀವು ಇಲ್ಲಂದ್ರ ನಾ ಯಾರ ಮುಂದ ಕೈ ಒಡ್ಡಲಿ? ಆ ಮನಿ ಗ್ವಾಡಿ ಇಟ್ಟಂಗಿ ಕಿತ್ತು ಅಡಗಿ ಮಾಡಾಕ ಬರತೈತೇನ್ರಿ?”

“ನಾನೂ ಅದಕ್ಕ ಹೊಂಟೀನಿ! ನಾ ಹೋದ ಮ್ಯಾಲೆ ಸಾಲ ನಿನ್ನ ಕೊರಳಿಗೆ ಬೀಳಬಾರದಲ್ಲ!”

ಇಷ್ಟು ದಿನ ಕಿತ್ತಾಡಿದ್ದು ನನ್ನ ಸಾವಿನ ಮೇಲೆ ಎಂಬುದು ಆಗ ತಿಳಿಯಿತು.

ಆಕೆಯ ದನಿ ಬದಲಾಯಿತು. “ಅಲ್ರೀ, ನಾನ ಮೊದಲ ಹೋದ್ರ? ಬಾಡಿಗಿ ಕೇಳಾಕ ನಿಮಗ ಬಾಯಿ ಬರಂಗಿಲ್ಲ. ‘ಮುಂದಿನ ವಾರ ಕೊಡ್ತೀವ್ರಿ ಸರ’ ಅಂದ್ರ ಚಾ ಕುಡದು ಎದ್ದು ಬರ್ತೀರಿ. ಕಂತು ನಿಂತು ಬ್ಯಾಂಕಿನವರು ಬಂದ್ರ ಒಬ್ಬರ ಏನ್ ಮಾಡ್ತೀರಿ? ಆತು, ಹೋಗ್ರಿ. ಕಟ್ಟಿಬಿಡ್ರಿ.”

ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. ನಾನು ಬಯಸಿದ್ದೂ ಅದೇ. ಆದರೆ ಕಾಲು ಏಳಲಿಲ್ಲ. ಆಕೆ ಇಲ್ಲದ ಮನೆಯನ್ನು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಮೊದಲು ಆಕೆಯ ಅಂಜಿಕೆ ಹೋಗಲಿ ಎಂದು ಚೆಕ್ ಹರಿದುಹಾಕಿದೆ. ಹಣವನ್ನು ಇಬ್ಬರ ಹೆಸರಿನಲ್ಲಿ ಇಟ್ಟೆವು. ಸಾಲ ಇನ್ನೂ ಇದೆ.

ಮುಂದಿನ ತಿಂಗಳು ಬಾಡಿಗೆಗೆ ಬೆಟಗೇರಿಗೆ ಆಕೆಯನ್ನು ಕಳಿಸಲಿಲ್ಲ, ನಾನೇ ಹೋದೆ. ಚಹಾ ಬೇಡವೆಂದು ನಿಂತುಕೊಂಡೇ ಕೇಳಿದೆ. ಮಗ್ಗದ ಸದ್ದಿಗೆ ನೇಕಾರರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ, ಗಟ್ಟಿಯಾಗಿ ಕೇಳಿದೆ.