ಕಂಪ್ಯೂಟರು ಕನ್ನಡದಲ್ಲಿ ಕೇಳಿದ ಗುಪ್ತಪದ

ನಮ್ಮ ಯಜಮಾನರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಮನೆಯಲ್ಲಿ ನನಗೆ ಜಾಗ ಕಡಿಮೆಯಾಯಿತು. ಸೂರತ್, ವಡೋದರಾ ಎಂದು ವರ್ಗವಾದಲ್ಲೆಲ್ಲ ಅವರ ಹಿಂದೆ ಗಂಟುಮೂಟೆ ಕಟ್ಟಿಕೊಂಡು ತಿರುಗಿ, ಕೊನೆಗೆ ಅಹಮದಾಬಾದಿನ ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿ ಎರಡು ಕೋಣೆಯ ಫ್ಲ್ಯಾಟು ಕೊಂಡು ಕೂತವರು ನಾವು. ಈಗ ನೋಡಿದರೆ ಹಜಾರದಲ್ಲಿ ಅವರ ಟಿವಿ, ಬಾಲ್ಕನಿಯ ಉಯ್ಯಾಲೆಯಲ್ಲಿ ಅವರ ಪೇಪರು. ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, “ಒಗ್ಗರಣೆ ಸೀದಂಗಿದೆ ಕಣೇ” ಎಂಬ ಉಸ್ತುವಾರಿ ಬೇರೆ. ನನ್ನದು ಅಂತ ಉಳಿದಿದ್ದು ಮಲಗುವ ಕೋಣೆಯ ಮೂಲೆಯಲ್ಲಿದ್ದ ಒಂದು ಮೇಜು, ಅದರ ಮೇಲೊಂದು ಹಳೆಯ ಕಂಪ್ಯೂಟರು.

ಆ ಮೂಲೆಯಲ್ಲಿ ಕೂತು ನಾನು ಇಲ್ಲಿನ ಕನ್ನಡದ ಮನೆಗಳ ಮಕ್ಕಳಿಗೆ ಪುಟ್ಟ ಪುಟ್ಟ ಕಥೆ ಬರೆದು, ದಪ್ಪ ಅಕ್ಷರದಲ್ಲಿ ಪ್ರಿಂಟು ತೆಗೆದು ಕೊಡುತ್ತಿದ್ದೆ. ಗುಜರಾತಿಯಲ್ಲಿ ಜಗಳವಾಡಿ ಹಿಂದಿಯಲ್ಲಿ ಅಳುವ ಮಕ್ಕಳು ಅವು. ಕನ್ನಡ ಎಂದರೆ ಅಜ್ಜಿಯ ಫೋನು ಬಂದಾಗ ಮಾತ್ರ. ಯಜಮಾನರಿಗೆ ಇದ್ಯಾವುದೂ ತಿಳಿಯದು. ನಾನು ಕಂಪ್ಯೂಟರಿನಲ್ಲಿ ಇಸ್ಪೀಟು ಆಡುತ್ತೇನೆ ಎಂದುಕೊಂಡಿದ್ದರು. ಕೇಳಿದ್ದರೆ ಹೇಳುತ್ತಿದ್ದೆ, ಅವರು ಕೇಳಲಿಲ್ಲ.

ಈಚೆಗೆ ಆ ಕಂಪ್ಯೂಟರು, ತನಗೆ ಇನ್ನು ಅಪ್‌ಡೇಟ್ ಬರುವುದಿಲ್ಲ, ಹೊಸದು ಕೊಳ್ಳಿ ಎಂದು ದಿನಾ ರಾಗ ಎಳೆಯತೊಡಗಿತು. ಅದು ಪೂರ್ತಿ ಶುರುವಾಗುವಷ್ಟರಲ್ಲಿ ಕುಕ್ಕರು ಮೂರು ಸೀಟಿ ಹೊಡೆದಿರುತ್ತಿತ್ತು. ಇದನ್ನೇ ಕಾಯುತ್ತಿದ್ದವರಂತೆ ಯಜಮಾನರು, “ಗುಜರಿಗೆ ಕೊಟ್ಬಿಡೋಣ. ಆ ಮೂಲೆಗೆ ನಂಗೊಂದು ಒರಗು ಕುರ್ಚಿ ತರೋಣ” ಅಂದರು. ಇದ್ದದ್ದೇ ಒಂದು ಮೂಲೆ, ಅದರ ಮೇಲೂ ಇವರ ಕಣ್ಣು.

ಎದುರು ಫ್ಲ್ಯಾಟಿನ ಭಾಯ್ ವಡೋದರಾದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದವರು. ಅವರಿಗೆ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ಸಾಫ್ಟ್‌ವೇರ್ ಎಂದರೆ ಪ್ರಾಣ. ಹಳೆಯ ಕಂಪ್ಯೂಟರಿಗೆ ಅದನ್ನು ಹಾಕಿದರೆ ಇನ್ನೂ ಐದು ವರ್ಷ ಓಡುತ್ತದೆ, ಬಿಟ್ಟಿಯಾಗಿಯೇ ಸಿಗುತ್ತದೆ ಎಂದು ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಹೇಳುತ್ತಿದ್ದರು. ಸಾರಿನಪುಡಿ ಒಂದೊಂದು ಮನೆಯದು ಒಂದೊಂದು ಥರ ಇರುವ ಹಾಗೆ ಲಿನಕ್ಸ್‌ನಲ್ಲೂ ನಾನಾ ಬಗೆ ಇವೆಯಂತೆ. ಅದಕ್ಕೆ ಡಿಸ್ಟ್ರೋ ಅನ್ನುತ್ತಾರೆ. ಹೊಸದಾಗಿ ಬಂದ ಒಂದನ್ನು ಪೆನ್‌ಡ್ರೈವಿಗೆ ಹಾಕಿ ನನ್ನ ಕೈಗೆ ಕೊಟ್ಟರು.

ಅದನ್ನು ಕಂಡದ್ದೇ ಯಜಮಾನರು ಗಹಗಹಿಸಿದರು. “ಅದೆಲ್ಲ ಆಫೀಸಿನೋರು ಹಾಕ್ಕೊಳೋದು ಕಣೇ. ನಿನ್ನ ಕೈಲಿ ಎಲ್ಲಾಗುತ್ತೆ? ಶನಿವಾರದ ತನಕ ಟೈಮ್ ಕೊಟ್ಟಿದೀನಿ. ಆಮೇಲೆ ಗುಜರಿ.”

ಬ್ಯಾಂಕು ಬಿಟ್ಟು ವರ್ಷವಾದರೂ ಗಡುವು ಕೊಡುವ ಚಟ ಹೋಗಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಅವರು ಗೊರಕೆ ಹೊಡೆಯುತ್ತಿದ್ದಾಗ ನನ್ನ ಕಥೆಗಳನ್ನೆಲ್ಲ ಬೇರೆ ಪೆನ್‌ಡ್ರೈವಿಗೆ ತುಂಬಿಟ್ಟು ಕೆಲಸಕ್ಕೆ ಕೂತೆ. ಭಾಯ್ ಕೊಟ್ಟದ್ದನ್ನು ಸಿಕ್ಕಿಸಿದರೆ ಅದು ಮೊದಲು ಕೇಳಿದ್ದೇ ಭಾಷೆ ಯಾವುದು ಎಂದು. ಉದ್ದನೆಯ ಪಟ್ಟಿಯಲ್ಲಿ ‘ಕನ್ನಡ’ ಅಂತ ಕನ್ನಡದಲ್ಲೇ ಬರೆದಿತ್ತು. ಇಷ್ಟು ವರ್ಷ ಈ ಊರುಗಳಲ್ಲಿ ಎಟಿಎಮ್ಮಿನಿಂದ ಹಿಡಿದು ಬಸ್ ಬೋರ್ಡಿನ ತನಕ ಗುಜರಾತಿ, ಹಿಂದಿ, ಇಂಗ್ಲಿಷು ನೋಡಿ ನೋಡಿ ಸಾಕಾಗಿದ್ದ ನನಗೆ ಮನಸ್ಸು ತಡೆಯಲಿಲ್ಲ, ಒತ್ತಿದೆ. ಕೀಲಿಮಣೆ ಯಾವುದು ಎಂದಾಗಲೂ ಅದೇ ಹುಮ್ಮಸ್ಸಿನಲ್ಲಿ ಕನ್ನಡವನ್ನೇ ಒತ್ತಿದೆ. ಆಮೇಲೆ ‘ಗುಪ್ತಪದ’ ಕೊಡಿ ಎಂದಿತು. ಪಾಸ್‌ವರ್ಡಿಗೆ ಅದು ಇಟ್ಟುಕೊಂಡ ಹೆಸರು.

ನನಗಿನ್ನೂ ಸಿಟ್ಟು ಇಳಿದಿರಲಿಲ್ಲ. “ಈ ಮನುಷ್ಯನಿಗೇನು ಗೊತ್ತು” ಎಂಬುದನ್ನು ಇಂಗ್ಲಿಷ್ ಅಕ್ಷರದ ಕೀಲಿಗಳಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಿದೆ. ತೆರೆಯ ಮೇಲೆ ಬರೀ ಚುಕ್ಕಿ ಕಂಡವು. ಇನ್ನೊಮ್ಮೆ ಎಂದಿತು, ಇನ್ನೊಮ್ಮೆ ಹೊಡೆದೆ. ಮೈ ಹಗುರಾಯಿತು.

ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿದು ಕಂಪ್ಯೂಟರು ಹೊಸದಾಗಿ ಶುರುವಾಯಿತು, ಗುಪ್ತಪದ ಕೇಳಿತು. ಹೊಡೆದೆ. ತಪ್ಪು ಎಂದಿತು. ಹತ್ತು ಸಲ ಹೊಡೆದೆ, ಹತ್ತು ಸಲವೂ ಬಹಳ ಮರ್ಯಾದೆಯಿಂದ, ದಯವಿಟ್ಟು ಮತ್ತೆ ಪ್ರಯತ್ನಿಸಿ ಎಂದಿತು. ಶುದ್ಧ ಕನ್ನಡದಲ್ಲಿ ಬಾಗಿಲು ಹಾಕಿಸಿಕೊಂಡದ್ದು ಅದೇ ಮೊದಲು.

ಶನಿವಾರ ಬೆಳಿಗ್ಗೆ ವಿಧಿಯಿಲ್ಲದೆ ಭಾಯ್ ಅವರನ್ನು ಕರೆದೆ. ಅವರು ಕನ್ನಡಕ ಏರಿಸಿ ತೆರೆ ನೋಡಿ ಕಕ್ಕಾಬಿಕ್ಕಿಯಾದರು. “ಆ ಶುಂ ಲಖ್ಯುಂ ಛೆ, ಬೆನ್?” ಇದೇನು ಬರೆದಿದೆ ಅಕ್ಕಾ ಎಂದು ಕೇಳಿದರು. ನಾನು ಒಂದೊಂದನ್ನೇ ಓದಿ ಹಿಂದಿಯಲ್ಲಿ ಹೇಳುತ್ತ ಹೋದೆ. ಪಾಸ್‌ವರ್ಡ್ ಹೇಳಿ, ನಾನೇ ಹೊಡೆಯುತ್ತೇನೆ ಎಂದರು. ಜೀವ ಹೋದರೂ ಹೇಳುವ ಹಾಗಿರಲಿಲ್ಲ, ಯಾಕೆಂದರೆ ಯಜಮಾನರು ಪೇಪರು ಮಡಚಿಕೊಂಡು ಬಾಗಿಲಲ್ಲಿ ನಿಂತು ತಮಾಷೆ ನೋಡುತ್ತಿದ್ದರು.

“ನಾನೇ ಹೊಡೀತೀನಿ” ಎಂದು ಟೈಪ್ ಮಾಡಿದೆ. ಭಾಯ್ ಪಕ್ಕದಲ್ಲಿದ್ದ ಕಣ್ಣಿನ ಚಿತ್ರದ ಮೇಲೆ ಮೌಸ್ ಒತ್ತಿಬಿಟ್ಟರು. ಹೊಡೆದದ್ದನ್ನು ತೋರಿಸುವ ಕಣ್ಣು ಅದು. ಚುಕ್ಕಿಗಳು ಮಾಯವಾಗಿ ನನ್ನ ಸಿಟ್ಟೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಸಾಲಾಗಿ ನಿಂತಿತು. ಪಾಪ, ಭಾಯ್ ಅದನ್ನು ಬಿಡಿಸಿ ಬಿಡಿಸಿ ಗಟ್ಟಿಯಾಗಿ ಓದಿದರು: “ಈ... ಮನುಷ್ಯ... ನಿಗೇನು... ಗೊತ್ತು.” ಅರ್ಥವೇನು ಎಂದು ಯಜಮಾನರ ಮುಖ ನೋಡಿದರು.

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಯಜಮಾನರು ಪೇಪರನ್ನು ಕಂಕುಳಿಗೆ ಸೇರಿಸಿ, “ಬೆನ್‌ನೆ ಬಧುಂ ಆವಡೆ ಛೆ” ಅಂದರು. ನಿಮ್ಮ ಬೆನ್‌ಗೆ ಎಲ್ಲಾ ಬರುತ್ತೆ ಅಂತ ಅದರರ್ಥ. ಭಾಯ್ ಹೌದೌದು ಎಂದು ತಲೆದೂಗಿದರು. ಆಮೇಲೆ ಅವರೇ ಗುಟ್ಟು ಹಿಡಿದರು: ಪಾಸ್‌ವರ್ಡ್ ಮಾಡುವಾಗ ಕೀಲಿಮಣೆ ಕನ್ನಡದಲ್ಲಿತ್ತು, ಚುಕ್ಕಿಗಳ ಹಿಂದೆ ಏನೇನೋ ಕನ್ನಡ ಅಕ್ಷರ ಬಿದ್ದಿದ್ದವು, ಈಗ ಇಂಗ್ಲಿಷಿನಲ್ಲಿದೆ. ತೆರೆಯ ಮೂಲೆಯಲ್ಲಿ ಒತ್ತಿ ಕೀಲಿಮಣೆಯನ್ನು ಕನ್ನಡಕ್ಕೆ ಬದಲಿಸಿ ಅವೇ ಕೀಲಿಗಳನ್ನು ಹೊಡೆದೆ, ತೆರೆದುಕೊಂಡಿತು.

ಭಾಯ್ ಚಹಾ ಕುಡಿದು ಹೋದ ಮೇಲೆ ನನಗೆ ಗೆದ್ದ ಖುಷಿಯೇ ಆಗಲಿಲ್ಲ. ನಾಚಿಕೆಯಾಗಿತ್ತು, ಅಳುವೂ ಬರುವ ಹಾಗಿತ್ತು.

“ಸಿಟ್ಟಲ್ಲಿ ಬರೆದಿದ್ದು ರೀ. ಈಗ್ಲೇ ಬದಲಾಯಿಸ್ತೀನಿ.”

“ಸಿಟ್ಟಲ್ಲಾದ್ರೂ ನಿಜಾನೇ ಬರೆದಿದೀಯ” ಅಂದರು. “ನೀನು ದಿನಾ ಇಲ್ಲಿ ಕೂತು ಏನ್ ಮಾಡ್ತೀಯ ಅಂತ ನಾನು ಒಂದಿನಾನೂ ಕೇಳ್ಲಿಲ್ಲ. ಏನ್ ಮಾಡ್ತೀಯ?”

ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದೇ ಸರಿ ಎನ್ನಿಸಿತು. “ಕುರ್ಚಿ ನಂದು. ನೀವು ಅಡುಗೆಮನೆ ಸ್ಟೂಲ್ ತಗೊಂಡ್ಬನ್ನಿ” ಎಂದಷ್ಟೇ ಅಂದೆ. ತಂದರು. ನನ್ನ ಪೆನ್‌ಡ್ರೈವ್ ಸಿಕ್ಕಿಸಿ, ಬಸ್ಸಿನಲ್ಲಿ ಹಲ್ಲು ಬೀಳಿಸಿಕೊಂಡ ಹುಡುಗಿಯ ಕಥೆ ತೆಗೆದೆ. ಸಾಲದ ಕಾಗದ ಪರೀಕ್ಷಿಸುವವರಂತೆ ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದಿದರು. ನಡುವೆ ಒಂದು ಕಡೆ ನಕ್ಕರು. ನಾನು ನಗಲಿ ಎಂದುಕೊಂಡಿದ್ದ ಕಡೆಯೇ ನಕ್ಕರು. ಮುಗಿದ ಮೇಲೆ ನನ್ನ ಮುಖ ನೋಡದೆ, “ಇನ್ನೊಂದಿದೆಯಾ?” ಎಂದು ಕೇಳಿದರು.

ಇದ್ದವು. ಆರು ವರ್ಷದಿಂದ ಬರೆದವಷ್ಟೂ ಇದ್ದವು.